ಎಲೆಯ ಬಟ್ಟಲಿನ ನೀರು

ಅನಾನಸ್ ಹಣ್ಣನ್ನು ಅರಿಯದ ಮನೆ ಕಾಗವಾಡದ ಸೀಮೆಯಲ್ಲಿ ಇರಲಾರದು. ಆದರೆ ಅದು ಈ ನೆಲದ ಬೆಳೆಯಲ್ಲ. ಕೃಷ್ಣೆಯ ಬಯಲಿನ ಎರೆಮಣ್ಣು ಕಬ್ಬಿಗೆ ಒಲಿದಂತೆ ಅದಕ್ಕೆ ಒಲಿಯದು. ಬುಡದಲ್ಲಿ ನೀರು ನಿಂತರೆ ಅದರ ಬೇರು ಕೊಳೆಯುತ್ತದೆ. ಮಲೆನಾಡಿನಿಂದಲೂ ಕೇರಳದಿಂದಲೂ ಬರುವ ಹಣ್ಣು ಪೇಟೆಯ ದಾರಿಯಿಂದ ಇಲ್ಲಿಗೆ ತಲುಪುತ್ತದೆ. ಆ ಹಣ್ಣಿನ ಕುಲಕ್ಕೆ ಸೇರಿದ, ಆದರೆ ತಿನ್ನುವ ಹಣ್ಣು ಕೊಡದ, ಕೇವಲ ಅಂದಕ್ಕಾಗಿ ಬೆಳೆಸುವ ಗಿಡಗಳು ಕೂಡ ದೊಡ್ಡ ನಗರಗಳ ನರ್ಸರಿಗಳಿಂದ ಹೊರಟು ಸಣ್ಣ ಊರುಗಳ ಹಿತ್ತಿಲನ್ನು ಸೇರಿವೆ. ಸಸ್ಯಶಾಸ್ತ್ರದಲ್ಲಿ ಇವುಗಳಿಗೆ ಬ್ರೊಮೀಲಿಯಾಡ್ ಎಂದು ಹೆಸರು. ಸ್ವೀಡನ್ನಿನ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಓಲೋಫ್ ಬ್ರೊಮೀಲಿಯಸನ ನೆನಪಿಗೆ ಇಟ್ಟ ಹೆಸರು ಅದು. ಮೂರು ಸಾವಿರಕ್ಕೂ ಮೀರಿದ ಜಾತಿಗಳಲ್ಲಿ ಒಂದೇ ಒಂದು ಪಶ್ಚಿಮ ಆಫ್ರಿಕದಲ್ಲಿದೆ. ಉಳಿದವೆಲ್ಲವೂ ಅಮೆರಿಕ ಖಂಡಗಳವು. 1493ರಲ್ಲಿ ಕೊಲಂಬಸನು ಗ್ವಾಡೆಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಆಗ್ರಾದ ತೋಟದಲ್ಲಿ ಅದು ಬೆಳೆಯುತ್ತಿದ್ದುದನ್ನು ಬಾದಶಹ ಜಹಾಂಗೀರನು ತನ್ನ ಆತ್ಮವೃತ್ತಾಂತದಲ್ಲಿ ಹೇಳಿದ್ದಾನೆ. ಹಣ್ಣಿನ ಕಥೆ ಅಷ್ಟು ಸಾಕು.

ಕಾಗವಾಡದ ಒಂದು ಶ್ರಾವಕ ಮನೆತನದ ಹಿತ್ತಿಲಿಗೆ ಈ ಗಿಡ ಬಂದದ್ದು ಸೊಸೆಯ ತವರಾದ ಕೊಲ್ಹಾಪುರದಿಂದ, ಒಂದೇ ಒಂದು ಕುಂಡವಾಗಿ. ಬೂದುಬಣ್ಣದ ಅಡ್ಡಪಟ್ಟೆಗಳ ಅಗಲ ಎಲೆ, ಅಂಚಿಗೆ ಸಣ್ಣ ಮುಳ್ಳು, ನಡುವೆ ಗುಲಾಬಿ ಬಣ್ಣದ ಹೂದಂಡ. ಬ್ರೆಜಿಲ್ ದೇಶದ ಎಕ್ಮಿಯಾ ಎಂಬ ಜಾತಿ. ಒಂಬತ್ತು ವರ್ಷಗಳಲ್ಲಿ ಅದು 21 ಕುಂಡಗಳಾಯಿತು. ಯಾರೂ ಹೆಚ್ಚಿಸಬೇಕೆಂದು ಹೆಚ್ಚಿಸಲಿಲ್ಲ. ಈ ಗಿಡದ ಸ್ವಭಾವವೇ ಹಾಗೆ. ಬಾಳೆಯಂತೆ ಇದೂ ತನ್ನ ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಬಾಡಿದ ಬಳಿಕ ಬುಡದ ಎಲೆಗಳ ಸಂದಿನಿಂದ ಎರಡು ಮೂರು ಕಂದುಗಳನ್ನು ಹೊರಡಿಸಿ, ಒಂದೆರಡು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಒಣಗುತ್ತದೆ. ಆ ಅವಧಿಯಲ್ಲಿ ತಾಯಿಗಿಡವು ಕಂದುಗಳನ್ನು ಪೋಷಿಸುತ್ತಿರುತ್ತದೆ. ಕೆಲವರು ಇದನ್ನು ಸಲ್ಲೇಖನಕ್ಕೆ ಹೋಲಿಸಿ ಮಾತನಾಡುವುದುಂಟು. ಅದು ಸಲ್ಲದು. ಸಲ್ಲೇಖನವು ಜ್ಞಾನಪೂರ್ವಕವಾದ ವ್ರತ. ಗಿಡ ಒಣಗುವುದು ಅದರ ಆಯುಃಕರ್ಮದ ಕ್ಷಯ. ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸಿದರೆ ವ್ರತಕ್ಕೂ ಅಪಚಾರ, ಗಿಡಕ್ಕೂ ಉಪಕಾರವಿಲ್ಲ.

ಈ ಕುಲದ ಅನೇಕ ಗಿಡಗಳು ತಮ್ಮ ನೆಲೆಯ ಕಾಡಿನಲ್ಲಿ ಮಣ್ಣಿನಲ್ಲಿ ಬೇರೂರುವುದಿಲ್ಲ. ಮರದ ಕೊಂಬೆಯನ್ನು ಹಿಡಿದು ನಿಲ್ಲುತ್ತವೆ. ಅವುಗಳಿಗೆ ಬೇರು ಮುಖ್ಯವಾಗಿ ಹಿಡಿಕೆ. ನೀರನ್ನೂ ಸಾರವನ್ನೂ ಕುಡಿಯುವುದು ಎಲೆಯ ಮೇಲಿನ ಸೂಕ್ಷ್ಮ ಪೊರೆಗಳು. ಎಲೆಗಳ ಬುಡಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡು ಬಟ್ಟಲಿನಂತಾಗಿ ಮಳೆಯ ನೀರನ್ನು ಹಿಡಿದಿಡುತ್ತವೆ. ಅದರಲ್ಲಿ ಬಿದ್ದ ತರಗು, ಧೂಳು, ಸತ್ತ ಕೀಟ ಎಲ್ಲವೂ ಕೊಳೆತು ಗಿಡಕ್ಕೆ ಗೊಬ್ಬರವಾಗುತ್ತವೆ. ಹೀಗಾಗಿ ಮನುಷ್ಯನ ಕಣ್ಣಿಗೆ ಕಸವಾಗಿ ಕಾಣುವುದು ಗಿಡಕ್ಕೆ ಅನ್ನ. ಸ್ವಚ್ಛಗೊಳಿಸುವ ಮೊದಲು ಆ ಸ್ವಚ್ಛತೆ ಯಾರಿಗಾಗಿ ಎಂದು ಕೇಳಿಕೊಳ್ಳುವುದು ಆದ್ದರಿಂದ ಅಗತ್ಯ.

ಆ ಬಟ್ಟಲು ಕೇವಲ ನೀರಿನ ಪಾತ್ರೆಯಲ್ಲ. ಕೋಸ್ಟರಿಕಾದ ವಿಜ್ಞಾನಿ ಕ್ಲೊಡೊಮಿರೊ ಪಿಕಾಡೊ 1913ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಎಲೆಬಟ್ಟಲುಗಳೊಳಗಿನ ಜೀವಲೋಕವನ್ನು ವಿವರವಾಗಿ ತೋರಿಸಿತು. ಮಧ್ಯ ಅಮೆರಿಕದ ಒಂದು ಪುಟ್ಟ ಕೆಂಪು ಕಪ್ಪೆಯ ತಾಯಿ ತನ್ನ ಮರಿಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಎಲೆಸಂದಿನ ನೀರಿಗೆ ಬಿಟ್ಟು, ಮತ್ತೆ ಮತ್ತೆ ಬಂದು ಅವುಗಳಿಗೆ ಆಹಾರ ನೀಡುತ್ತದೆ. ಜಮೈಕಾ ದ್ವೀಪದಲ್ಲಿ ಒಂದು ಬಗೆಯ ಏಡಿ ತನ್ನ ಮರಿಗಳನ್ನು ಈ ಬಟ್ಟಲಿನಲ್ಲಿಯೇ ಸಾಕುತ್ತದೆ. ಬಿದ್ದ ತರಗೆಲೆಗಳನ್ನು ತಾನೇ ಎತ್ತಿ ಹೊರಹಾಕುತ್ತದೆ, ನೀರಿನ ಹುಳಿಯನ್ನು ತಗ್ಗಿಸುವ ಬಸವನಹುಳುವಿನ ಚಿಪ್ಪುಗಳನ್ನು ತಂದು ಇಡುತ್ತದೆ. ಬಟ್ಟಲನ್ನು ಸ್ವಚ್ಛಗೊಳಿಸುವ ಕೆಲಸ ಮನುಷ್ಯ ಕಂಡುಹಿಡಿದದ್ದಲ್ಲ. ಆ ಏಡಿಯ ಸ್ವಚ್ಛತೆಗೆ ಒಂದು ಸ್ಪಷ್ಟವಾದ ಪ್ರಯೋಜನವಿದೆ: ಮರಿಗಳ ಉಸಿರು. ನಮ್ಮ ಅನೇಕ ಸ್ವಚ್ಛತೆಗಳಿಗೆ ಅಷ್ಟು ಸ್ಪಷ್ಟವಾದ ಪ್ರಯೋಜನವನ್ನು ಹೇಳಲು ಬಾರದು.

ಕಾಗವಾಡದ ಹಿತ್ತಿಲಿನಲ್ಲಿ ಆ ಕಪ್ಪೆಯಾಗಲಿ ಏಡಿಯಾಗಲಿ ಇಲ್ಲ. ಇಲ್ಲಿ ಬಟ್ಟಲನ್ನು ಹುಡುಕಿಕೊಂಡು ಬಂದದ್ದು ಸೊಳ್ಳೆ.

ಒಂದು ಆಷಾಢದಲ್ಲಿ ಬಿಟ್ಟು ಬಿಟ್ಟು ಮಳೆಯಾಯಿತು. ಓಣಿಯಲ್ಲಿ ಇಬ್ಬರು ಮಕ್ಕಳಿಗೆ ಡೆಂಗಿ ಜ್ವರ ಬಂದಿತು. ಅವರಲ್ಲಿ ಒಬ್ಬನನ್ನು ಮಿರಜದ ಆಸ್ಪತ್ರೆಗೆ ಒಯ್ದು ಆರು ದಿನ ಇಡಬೇಕಾಯಿತು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ತೊಟ್ಟಿ, ಟೈರು, ಒಡೆದ ಮಡಕೆಗಳನ್ನು ನೋಡುತ್ತ ಈ ಹಿತ್ತಿಲಿಗೂ ಬಂದರು. ಕುಂಡಗಳ ಮುಂದೆ ಕುಳಿತು ಒಂದು ಎಲೆಯನ್ನು ಬಗ್ಗಿಸಿ ತೋರಿಸಿದರು. ನೀರಿನಲ್ಲಿ ನೂಲಿನ ತುಂಡಿನಂಥ ಜೀವಗಳು ತಲೆಕೆಳಗಾಗಿ ಆಡುತ್ತಿದ್ದವು.

“ಅಮ್ಮಾರ, ಈ ನೀರ ಇವತ್ತ ಚೆಲ್ಲಬೇಕ್ರಿ,” ಎಂದರು.

“ಚೆಲ್ಲಿದ್ರ ಅವು ಎಲ್ಲಿಗಿ ಹೋಗ್ತಾವ, ತಂಗೀ?” ಎಂದು ಮನೆಯ ಹಿರಿಯ ಶ್ರಾವಿಕೆ ಕೇಳಿದರು.

“ಎಲ್ಲಿಗೂ ಹೋಗೂದಿಲ್ರಿ, ಸಾಯ್ತಾವ. ಇಲ್ಲಂದ್ರ ಓಣ್ಯಾನ ಹುಡುಗೂರು ಮಲಗ್ತಾವ.”

ಇಷ್ಟು ನೇರವಾದ ಮಾತನ್ನು ಆ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ಅವರು ನೀರನ್ನು ಸೋಸದೆ ಕುಡಿದವರಲ್ಲ. ಸೂರ್ಯಾಸ್ತದ ಬಳಿಕ ಉಂಡವರಲ್ಲ. ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. ಅವನು ಹಾಸಿಗೆಯಲ್ಲಿ ಮಲಗುವ ಕೋಣೆಯ ಕಿಟಕಿ ಈ ಕುಂಡಗಳ ಸಾಲಿಗೇ ತೆರೆಯುತ್ತಿತ್ತು.

ಆ ಮಧ್ಯಾಹ್ನ ಮನೆಯವರಲ್ಲಿ ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಮಗನು, “ಅವ್ವಾ, ದ್ರಾಕ್ಷಿಗೆ ತಂದ ಮೈಲುತುತ್ತ ಐತಿ, ಚೂರು ಹಾಕಿದ್ರ ಮುಗೀತು,” ಎಂದನು. ಅವನಿಗೆ ತಿಳಿಯದೆಯೇ ಅವನು ಹೇಳಿದ್ದು ಇತಿಹಾಸದಲ್ಲಿ ನಡೆದುಹೋದ ಉಪಾಯ. ಟ್ರಿನಿಡಾಡ್ ದ್ವೀಪದ ಕೊಕೊ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಮರಗಳ ಮೇಲೆ ಈ ಗಿಡಗಳು ದಟ್ಟವಾಗಿ ಬೆಳೆದು, ಅವುಗಳ ಬಟ್ಟಲಿನಲ್ಲಿ ಹುಟ್ಟಿದ ಸೊಳ್ಳೆಯಿಂದ ಮಲೇರಿಯಾ ಹರಡಿದಾಗ, 1940ರ ದಶಕದಲ್ಲಿ ಮೈಲುತುತ್ತದ ದ್ರಾವಣವನ್ನು ಮರಗಳಿಗೆ ಎರಚಲಾಯಿತು. ತಾಮ್ರದ ಅಂಶವನ್ನು ಈ ಕುಲ ಸಹಿಸದು, ಗಿಡಗಳೇ ಸತ್ತವು. ಅದೇ ಕಾಲದಲ್ಲಿ ದಕ್ಷಿಣ ಬ್ರೆಜಿಲಿನಲ್ಲಿ ಮರಗಳಿಂದ ಅವುಗಳನ್ನು ಕೈಯಿಂದ ಕಿತ್ತು ಹಾಕಿಸಲಾಯಿತು, ಕೆಲವೆಡೆ ಕಾಡನ್ನೇ ಕಡಿಸಲಾಯಿತು. ಜ್ವರದಿಂದ ನರಳಿದ ಜನರ ಸಂಕಟ ಸುಳ್ಳಲ್ಲ. ಆದರೆ ‘ಮುಗೀತು’ ಎಂಬ ಮಾತಿನಲ್ಲಿ ಎಷ್ಟು ಜೀವಗಳು ಅಡಗಿರುತ್ತವೆ ಎಂಬುದಕ್ಕೆ ಅದು ಸಾಕ್ಷಿ. ತಾಯಿ ಮಗನಿಗೆ ಕೊಟ್ಟ ಉತ್ತರ ಚಿಕ್ಕದು: “ಮುಗಿಯೂದು ಯಾರದಂತ ಕೇಳಪಾ ಮೊದಲ.”

ಬಾವಿಗೆ ಬಿಡುವ ಗಪ್ಪಿ ಮೀನಿನ ಮಾತೂ ಬಂದಿತು. ಸೋಸಿದ ಮರಿಹುಳುಗಳನ್ನು ಮೀನಿರುವ ಬಾವಿಗೆ ಸುರಿದರೆ ಕೊಂದ ಪಾಪ ಮೀನಿನದಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ನಮ್ಮ ಆಚಾರ್ಯರು ಹೇಳಿರುವುದು ಇಂಥ ಲೆಕ್ಕಗಳನ್ನು ಮುಚ್ಚುವುದಕ್ಕಾಗಿಯೇ. ತಾನು ಮಾಡದೆ ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ; ಮೀನಿನ ಬಾಯಿಯೂ ಇನ್ನೊಬ್ಬರೇ.

ಮೊಮ್ಮಗನ ಉಪಾಯ ಎಲ್ಲರಿಗಿಂತ ಕರುಣೆಯದಾಗಿ ಕಂಡಿತು. ಗಾಜಿನ ಭರಣಿಯಲ್ಲಿ ನೀರನ್ನು ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಇಡೋಣ, ಅವು ತಮ್ಮಷ್ಟಕ್ಕೆ ಇರಲಿ ಎಂದನು. ಅಜ್ಜಿ ಒಂದು ಗಳಿಗೆ ಒಪ್ಪಿದಂತೆ ಕಂಡರು. ಬಳಿಕ, ಅವಕ್ಕೆ ರೆಕ್ಕೆ ಬಂದ ಮೇಲೆ ಏನು ಮಾಡುವುದೆಂದು ಅವನನ್ನೇ ಕೇಳಿದರು. ಬಟ್ಟೆ ಬಿಚ್ಚಿದರೆ ಓಣಿಗೆ ಜ್ವರ. ಬಿಚ್ಚದಿದ್ದರೆ ಅವು ಹಸಿವಿನಿಂದ ಸಾಯಬೇಕು. ಹುಡುಗ ಸುಮ್ಮನಾದನು. ಕಣ್ಣಿಗೆ ಕಾಣದ ಕಡೆಗೆ ಸಾವನ್ನು ಸರಿಸಿಟ್ಟು ಅದನ್ನು ದಯೆಯೆಂದು ಕರೆಯುವ ರೂಢಿ ನಮ್ಮ ಸಮಾಜದಲ್ಲಿ ಇಲ್ಲವೆನ್ನಲಾಗದು. ಹನ್ನೊಂದು ವರ್ಷದ ಬಾಲಕನು ಅದನ್ನು ಒಂದೇ ಪ್ರಶ್ನೆಗೆ ಕೈಬಿಟ್ಟದ್ದು ಮೆಚ್ಚತಕ್ಕದ್ದು.

ನೀರನ್ನು ಸೋಸುವ ನಮ್ಮ ವಿಧಿಯಲ್ಲಿ ಸೋಸುವುದು ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ, ಎತ್ತರದಿಂದ ಸುರಿಯದೆ, ನೀರಿನ ಮಟ್ಟಕ್ಕೆ ಇಳಿಸಿ ಮರಳಿಸುವುದು ಉಳಿದರ್ಧ. ಆ ವಿಧಿ ಇಲ್ಲಿ ನಿಂತುಬಿಡುತ್ತದೆ. ಎಲೆಯ ಬಟ್ಟಲಿನ ಜೀವಕ್ಕೆ ಮೂಲವೆಂದರೆ ಎಲೆಯ ಬಟ್ಟಲೇ. ಅಲ್ಲಿಗೇ ಮರಳಿಸಿದರೆ ಮಾಡಿದ್ದೇನು? ಶಾಸ್ತ್ರವು ಪ್ರತಿಯೊಂದು ಹಿತ್ತಿಲಿನ ಪ್ರತಿಯೊಂದು ಕುಂಡಕ್ಕೂ ಉತ್ತರವನ್ನು ಬರೆದಿಟ್ಟಿಲ್ಲ. ಅಳತೆಗೋಲನ್ನು ಕೊಟ್ಟಿದೆ.

ಆ ಅಳತೆಗೋಲು ಯಾವುದು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಮೊದಲು ಇಟ್ಟರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದನ್ನೇ ಬಿಡಿಸಿ, ರಾಗಾದಿಗಳ ವಶನಾಗಿ ಎಚ್ಚರಗೆಟ್ಟು ನಡೆಯುವವನಿಗೆ ಜೀವ ಸಾಯಲಿ ಸಾಯದಿರಲಿ ಹಿಂಸೆ ಮುಂದೆಯೇ ಓಡುತ್ತದೆ ಎಂಬ ಅಭಿಪ್ರಾಯ ಕೊಟ್ಟರು; ಏಕೇಂದ್ರಿಯಗಳ ಘಾತವನ್ನು ಪೂರ್ತಿ ಬಿಡಲಾರದ ಗೃಹಸ್ಥನು ಅದನ್ನು ಬೇಕಾದಷ್ಟಕ್ಕೆ ಮಿತಗೊಳಿಸಿ ಉಳಿದದ್ದನ್ನು ಬಿಡಬೇಕೆಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಲ್ಲಿ ಪ್ರಮಾದಚರ್ಯೆಯನ್ನು ಹೇಳುತ್ತಾರೆ: ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡವನ್ನು ಕಡಿಯುವುದು, ಇವೆಲ್ಲ ನಿಷ್ಫಲವಾಗಿ ಮಾಡಿದಾಗ. ‘ನಿಷ್ಫಲ’ ಎಂಬ ಮಾತಿನ ಮೇಲೆ ಬೆರಳಿಡಬೇಕು. ಹಿತ್ತಿಲಿನ ಕೆಲಸವೆಲ್ಲ ಈ ನಾಲ್ಕರೊಳಗೇ ಬರುತ್ತದೆ. ಆದ್ದರಿಂದ ತೋಟಗಾರನಾದ ಶ್ರಾವಕನಿಗೆ ಪ್ರತಿ ಬೆಳಗ್ಗೆ ಪ್ರಯೋಜನದ ಪ್ರಶ್ನೆ ಏಳುತ್ತದೆ.

ಸೊಳ್ಳೆಯ ವಿಷಯ ಬಂದಾಗ ನಮ್ಮವರು ಸುಲಭವಾಗಿ ‘ವಿರೋಧೀ ಹಿಂಸೆ’ ಎಂಬ ಮಾತನ್ನು ಎತ್ತಿಕೊಳ್ಳುತ್ತಾರೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಆಕ್ರಮಣ ಮಾಡಿದವನನ್ನು ತಡೆಯುವಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಬಿಡಲಾರನೆಂದು ಹೇಳಿರುವುದು ನಿಜ. ಆದರೆ ಎಲೆಯ ಬಟ್ಟಲಿನಲ್ಲಿ ಆಡುವ ಮರಿಹುಳು ಯಾರ ಮೇಲೂ ದಂಡೆತ್ತಿ ಬಂದಿರಲಿಲ್ಲ. ಅದಕ್ಕೆ ನೀರಿನ ಬಟ್ಟಲನ್ನು ಒದಗಿಸಿದವರು ಮನೆಯವರೇ. 21 ಕುಂಡಗಳಲ್ಲಿ ಸುಮಾರು 60 ಗಿಡ, ಒಂದೊಂದರಲ್ಲಿ ಏಳೆಂಟು ಸಂದು, ಎಂದರೆ ನಾನೂರಕ್ಕೂ ಮಿಕ್ಕಿದ ಬಟ್ಟಲುಗಳು. ಕರೆದು ಕೂರಿಸಿದ ಅತಿಥಿಯನ್ನು ವೈರಿಯೆಂದು ಕರೆಯುವುದು ನ್ಯಾಯವಲ್ಲ.

ಆ ಶ್ರಾವಿಕೆ ಅಂಥ ನೆಪವನ್ನು ಹುಡುಕಲಿಲ್ಲ. ಸಂಜೆಯೊಳಗೆ ಸೊಸೆಯೊಡನೆ ಕೂಡಿ ಕುಂಡಗಳನ್ನು ಒಂದೊಂದಾಗಿ ಓರೆಮಾಡಿ ಮಾವಿನ ನೆರಳಿನ ಹಸಿ ಮಣ್ಣಿಗೆ ನೀರನ್ನು ಬಗ್ಗಿಸಿದರು. ವಿಷ ಹಾಕಲಿಲ್ಲ, ಸೀಮೆಎಣ್ಣೆ ಸುರಿಯಲಿಲ್ಲ. ಆದರೂ ಅವು ಬದುಕಲಾರವೆಂದು ತಿಳಿದೇ ಮಾಡಿದರು. ಮರುದಿನ ಏಕಾಶನವಿದ್ದು, ಬಸದಿಯಲ್ಲಿ ಜಿನಬಿಂಬದ ಮುಂದೆ ಆಲೋಚನೆ ಮಾಡಿಕೊಂಡರು. ತ್ರಸಜೀವಗಳ ಘಾತ ತಮ್ಮ ಕೈಯಿಂದ ಆಯಿತೆಂದು ಬಾಯಿಬಿಟ್ಟು ಹೇಳಿದರೇ ಹೊರತು ಓಣಿಯ ಮಕ್ಕಳ ಹೆಸರನ್ನು ಅಡ್ಡ ತರಲಿಲ್ಲ. ಮಕ್ಕಳಿಗಾಗಿ ಮಾಡಿದ್ದು ಸರಿಯೇ ಆಗಿತ್ತು. ಸರಿಯಾದುದೂ ಹಿಂಸೆಯಾಗಿರಬಹುದೆಂಬುದನ್ನು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಎಲ್ಲರಿಗೂ ಇರುವುದಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಭಯದಿಂದ ಚೆಲ್ಲುವವರು ಚೆಲ್ಲಲಿ. ಒಮ್ಮೆ ಚೆಲ್ಲಿದರೆ ಕೆಲಸ ತೀರುವುದಿಲ್ಲವೆಂಬುದನ್ನು ತಿಳಿದಿರಬೇಕು. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡು, ನೀರು ಆರಿದರೂ ತಿಂಗಳುಗಟ್ಟಲೆ ಕಾದಿದ್ದು ಮತ್ತೆ ನೀರು ಬಂದಾಗ ಒಡೆಯುತ್ತದೆ. ವಾರಕ್ಕೊಮ್ಮೆ ಚೆಲ್ಲುತ್ತ ಹೋಗುವುದೆಂದರೆ ವಾರಕ್ಕೊಮ್ಮೆ ಅದೇ ಆಲೋಚನೆಯನ್ನು ಮಾಡುತ್ತ ಹೋಗುವುದು. ಪ್ರಾಯಶ್ಚಿತ್ತವು ಮುಂದೆ ಮಾಡಲಿರುವ ದೋಷಕ್ಕೆ ಮುಂಗಡವಲ್ಲ. ಬಟ್ಟಲಿಗೆ ನೀರೇ ಬೀಳದಂತೆ ಮಾಡುವುದೊಂದೇ ದಾರಿಯಾಗಿತ್ತು. 60 ಗಿಡಗಳಿಗೆ ಅದು ಅಸಾಧ್ಯ, ಐದಕ್ಕೆ ಸಾಧ್ಯ.

ಹೀಗೆ ಗಿಡಗಳನ್ನು ವಿರಳಗೊಳಿಸುವ ವಿಚಾರ ಬಂದದ್ದು ಅಂದಕ್ಕಾಗಿ ಅಲ್ಲ. ಆದರೆ ಆಗ ಚಾತುರ್ಮಾಸ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ದಟ್ಟವಾಗಿರುವುದರಿಂದ ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಗೃಹಸ್ಥನು ಕುಂಡ ಕೆದಕುವುದನ್ನಾದರೂ ನಿಲ್ಲಿಸಬಹುದು. ಕುಂಡಗಳನ್ನು ಜಗಲಿಯ ಚಾಚು ಮಾಡಿನ ಕೆಳಗೆ ಸರಿಸಿ, ಹಿಡಿಸದವುಗಳ ಮೇಲೆ ತಗಡು ಹೊದಿಸಿ, ನೀರನ್ನು ಬುಡದ ಮಣ್ಣಿಗೆ ಮಾತ್ರ ಕೊಡುತ್ತ ಕಾರ್ತಿಕವನ್ನು ದಾಟಿಸಿದರು. ಬಟ್ಟಲು ಒಣಗಿದ್ದರೂ ಬುಡ ಹಸಿಯಿದ್ದರೆ ಎಕ್ಮಿಯಾ ಸಾಯುವುದಿಲ್ಲ, ಬೆಳೆಯುವುದು ನಿಧಾನವಾಗುತ್ತದೆ. ಸೊಳ್ಳೆಗೂ ಗಿಡಕ್ಕೂ ಇದರಿಂದ ಕೇಡಿಲ್ಲ.

ಮಾರ್ಗಶಿರದ ಎಳೆಬಿಸಿಲಿನಲ್ಲಿ ಕೆಲಸ ಆರಂಭವಾಯಿತು. ಮೊದಲು ಒಣಗಿದ ಹೊರ ಎಲೆಗಳು. ಇವನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದರೆ ಮೋಟು ಉಳಿದು ಅದರ ಸಂದಿನಲ್ಲಿ ಹುಳು ಸೇರುತ್ತದೆ. ಎಲೆಯ ತುದಿಯನ್ನು ನಡುವೆ ಸೀಳಿ, ಎರಡು ಸೀಳನ್ನೂ ಎಡಬಲಕ್ಕೆ ಎಳೆದರೆ ಬುಡಸಹಿತ ತಾನಾಗಿ ಬಿಟ್ಟುಬರುತ್ತದೆ. ಹಸಿರಾಗಿರುವ ಎಲೆಯನ್ನು ಮುಟ್ಟುವ ಕಾರಣವಿಲ್ಲ. ಪ್ರತಿ ಎಲೆ ಎಳೆಯುವ ಮುನ್ನ ಹಿರಿಯರು ಮೃದುವಾದ ಕುಂಚದಿಂದ ಸಂದನ್ನು ಒರೆಸಿ, ಇರುವೆ, ಜೇಡಗಳಿಗೆ ಸರಿದುಹೋಗಲು ಸಮಯ ಕೊಡುತ್ತಿದ್ದರು. ಭೋಜದ ಶಾಂತಿಸಾಗರ ಮಹಾರಾಜರು, ಶೇಡಬಾಳದ ವಿದ್ಯಾನಂದ ಮುನಿಗಳು, ಸದಲಗದ ವಿದ್ಯಾಸಾಗರ ಆಚಾರ್ಯರು ಹುಟ್ಟಿದ ಸೀಮೆ ಇದು. ಪಿಂಛಿಯಿಂದ ನೆಲವನ್ನು ಒರೆಸಿ ಕುಳಿತುಕೊಳ್ಳುವ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವ ತ್ಯಾಗಿಗಳನ್ನು ಬಾಲ್ಯದಿಂದ ಕಂಡವರ ಕೈಗೆ ಕುಂಚವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ಕುಂಡದ ಒಣ ಎಲೆಗಳ ಮರೆಯಲ್ಲಿ ಹಲ್ಲಿಯ ಎರಡು ಮೊಟ್ಟೆಗಳಿದ್ದವು. ಆ ಕುಂಡವನ್ನು ಹಾಗೆಯೇ ಮುಚ್ಚಿ ಬದಿಗಿಟ್ಟರು. ಐದರ ಲೆಕ್ಕಕ್ಕೆ ಅದು ಆರನೆಯದಾಗಿ ಮಾಘದವರೆಗೂ ಉಳಿಯಿತು.

ಕಂದನ್ನು ಬೇರ್ಪಡಿಸುವುದಕ್ಕೆ ಆತುರ ಸಲ್ಲದು. ತಾಯಿಯ ಎತ್ತರದ ಮೂರನೆಯ ಒಂದಕ್ಕಿಂತ ಚಿಕ್ಕದಾದ ಕಂದನ್ನು ಕಿತ್ತರೆ ಬದುಕುವುದು ಕಷ್ಟ. ಅರ್ಧದಷ್ಟು ಬೆಳೆದಿದ್ದರೆ ನಿಶ್ಚಿಂತೆ. ತಾಯಿಯ ಕಾಂಡಕ್ಕೆ ಅಂಟಿಕೊಂಡಂತೆ ಹರಿತವಾದ ಚಾಕುವಿನಿಂದ ಒಂದೇ ಸಲಕ್ಕೆ ಕತ್ತರಿಸಿ, ಗಾಯಕ್ಕೆ ಇದ್ದಿಲಿನ ಪುಡಿ ಸವರಿ, ಒಂದು ದಿನ ನೆರಳಿನಲ್ಲಿ ಆರಿಸಿ ನೆಡಬೇಕು. ಎರೆಮಣ್ಣು ಬೇಡ, ತೆಂಗಿನ ನಾರು, ಇದ್ದಿಲು, ಇಟ್ಟಿಗೆಯ ಚೂರು ಸಾಕು. ತಾಮ್ರದ ಪಾತ್ರೆಯಲ್ಲಿ ನೆಡಬಾರದು. ತಾಯಿಗಿಡ ಹಸಿರಾಗಿದ್ದರೆ ಅದನ್ನು ಕಿತ್ತೆಸೆಯುವುದು ಬೇಡ. ಮತ್ತೊಂದು ಕಂದನ್ನು ಕೊಡುವ ಶಕ್ತಿ ಅದಕ್ಕಿರಬಹುದು. ಪೂರ್ತಿ ಒಣಗಿದವುಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಿದರು.

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ವನಸ್ಪತಿಗಳನ್ನು ಅವು ಎಲ್ಲಿಂದ ಹುಟ್ಟುತ್ತವೆಂಬುದರ ಮೇಲೆ ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ ಮುಂತಾಗಿ ಎಣಿಸಿದ್ದಾರೆ. ಗೆಣ್ಣಿನಿಂದ ಚಿಗುರುವ ಕಬ್ಬು ಪರ್ವಬೀಜಕ್ಕೆ ಉದಾಹರಣೆ. ಅನಾನಸಿನ ನೆತ್ತಿಯ ಜುಟ್ಟನ್ನು ನೆಟ್ಟರೂ ಬರುತ್ತದೆ, ಬುಡದ ಕಂದನ್ನು ನೆಟ್ಟರೂ ಬರುತ್ತದೆ. ಕತ್ತರಿಸಿದಷ್ಟೂ ಜೀವಸ್ಥಾನಗಳು ಹೆಚ್ಚುವ ಇಂಥ ಸಸ್ಯದ ಮುಂದೆ ಚಾಕು ಹಿಡಿದವನು ತನ್ನ ಕೆಲಸವನ್ನು ಕೇವಲ ‘ಕಡಿಮೆ ಮಾಡುವುದು’ ಎಂದು ತಿಳಿಯುವಂತಿಲ್ಲ. ಒಂದು ಗುಂಪನ್ನು ಬಿಡಿಸಿದರೆ ಐದು ಗಿಡ. ಐದನ್ನೂ ಹಂಚಿದರೆ ಐದು ಮನೆಗಳಲ್ಲಿ ಒಂಬತ್ತು ವರ್ಷದಲ್ಲಿ ಅದೇ ಕಥೆ.

ಇಲ್ಲಿಯೇ ಸೊಸೆಗೂ ಅತ್ತೆಗೂ ಸ್ವಲ್ಪ ಭಿನ್ನಾಭಿಪ್ರಾಯವಾಯಿತು. ಕೇಳಿದವರಿಗೆ ಗಿಡ ಕೊಡುವುದು ಒಳ್ಳೆಯತನವೆಂದು ಸೊಸೆಯ ಅಭಿಪ್ರಾಯ. ಊರಿನ ರೂಢಿಯೂ ಅದೇ. ಅತ್ತೆ ಹಿಂಸಾದಾನದ ಮಾತನ್ನು ತೆಗೆದರು. ಕೊಡಲಿ, ಗುದ್ದಲಿ, ಬೆಂಕಿ ಮುಂತಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದೂ ಅನರ್ಥದಂಡವೆಂದು ಹೇಳಿದೆ. ಗಿಡ ಉಪಕರಣವಲ್ಲ, ನಿಜ. ಆದರೆ ನೀರು ನಿಲ್ಲುವ ನಾನೂರು ಬಟ್ಟಲುಗಳನ್ನು ತಾವು ತಾಳಲಾರದೆ ಬಿಟ್ಟು, ಅದನ್ನೇ ಉಡುಗೊರೆಯೆಂದು ನೆರೆಮನೆಗೆ ದಾಟಿಸುವುದು ಆ ನಿಷೇಧದ ನೆರಳಿನಲ್ಲಿಯೇ ಇದೆ. ಈ ವಾದವನ್ನು ಅತಿಯೆನ್ನುವವರು ಇದ್ದಾರು. ಅತಿಯೆಂದು ಹೇಳುವ ಮೊದಲು, ನಮ್ಮ ದಾನಗಳಲ್ಲಿ ಎಷ್ಟು ನಮಗೆ ಬೇಡವಾದುದರ ಸಾಗಣೆ ಎಂದು ನೋಡಿಕೊಳ್ಳುವುದು ಒಳಿತು. ಕೊನೆಗೆ ಏಳು ಮನೆಗಳಿಗೆ ಮಾತ್ರ ಒಂದೊಂದು ಗಿಡ ಹೋಯಿತು, ಮಾಡಿನ ಕೆಳಗೆ ಇಡುವುದಾಗಿಯೂ ಬಟ್ಟಲಿಗೆ ನೀರು ಹಾಕುವುದಿಲ್ಲವೆಂದೂ ಒಪ್ಪಿದವರಿಗೆ.

ಮನೆಯಲ್ಲಿ ಐದು ಕುಂಡ, ಕುಂಡಕ್ಕೊಂದು ಗಿಡ ಎಂದು ಹಿರಿಯರು ಪರಿಮಾಣ ಮಾಡಿಕೊಂಡರು. ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಪರಿಗ್ರಹಪರಿಮಾಣ ಮಾಡಿದವರಿದ್ದಾರೆ. ಹೂಕುಂಡಕ್ಕೆ ಮಾಡಿದವರು ಅಪರೂಪ. ತಾನಾಗಿ ಬೆಳೆಯುವ ಸಂಪತ್ತು ಪರಿಗ್ರಹವೇ ಅಲ್ಲವೆಂಬ ಭ್ರಮೆ ನಮಗಿದೆ.

ಉಳಿದ ಗಿಡಗಳ ಪ್ರಶ್ನೆಗೆ ಪರಿಹಾರ ಕಂಡವನು ಮಗ. ಹೊಲದ ಬಾವಿಯ ಬಳಿಯ ಹಳೆಯ ಮಾವಿನ ಕಾಂಡಕ್ಕೆ ಅವನ್ನು ನಾರಿನಿಂದ ಅಡ್ಡಲಾಗಿ ಕಟ್ಟಿದನು. ಅಡ್ಡ ಮಲಗಿದ ಬಟ್ಟಲಿನಲ್ಲಿ ನೀರು ನಿಲ್ಲದು. ಮರ ಹಿಡಿದು ಬದುಕುವುದು ಆ ಕುಲದ ಸಹಜ ಧರ್ಮವೂ ಹೌದು. ಆದರೆ ಇದು ಬ್ರೆಜಿಲಿನ ತೇವದ ಕಾಡಲ್ಲ. ವೈಶಾಖದ ಬಿಸಿಲಿಗೆ ಅರ್ಧಕ್ಕರ್ಧ ಒಣಗಿದವು, ಉಳಿದವು ಹಿಡಿದುಕೊಂಡವು.

ಆ ಮಾರ್ಗಶಿರದ ಕೆಲಸದ ನಡುವೆ ಒಂದು ಸಂಗತಿ ನಡೆಯಿತು. ಕಬ್ಬಿನ ಕಟಾವಿನ ಕಾಲ. ಉಗಾರದ ಕಡೆಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಗಲಿರುಳು ಸಾಗುತ್ತಿದ್ದವು. ಮೂರನೆಯ ದಿನ ಸಂಜೆ ಪಡುವಣ ಗಾಳಿಗೆ ಕಪ್ಪು ಬೂದಿಯ ಎಳೆಗಳು ಹಾರಿಬಂದು, ಆಗತಾನೆ ಕುಂಚದಿಂದ ಒರೆಸಿಟ್ಟ ಎಲೆಗಳ ಮೇಲೆ ಉದುರಿದವು. ಯಾರದೋ ಹೊಲದಲ್ಲಿ ಕಟಾವಾದ ಮೇಲೆ ರವದಿಗೆ ಬೆಂಕಿ ಇಟ್ಟಿದ್ದರು. ಸೀಮೆಯಲ್ಲೆಲ್ಲ ಇದು ನಡೆದುಬಂದದ್ದು. ಒಂದು ಕಡ್ಡಿ ಗೀರಿದರೆ ಒಂದು ತಾಸಿನಲ್ಲಿ ಹೊಲ ಬರಿದು, ಕೂಳೆ ಬೆಳೆಗೆ ನೀರು ಬಿಡಲು ಸುಲಭ. ರವದಿಯ ಅಡಿಯಲ್ಲಿ ಎರೆಹುಳು, ಇರುವೆ, ಓತಿ, ಇಲಿಮರಿ, ನೆಲದ ಹಕ್ಕಿಯ ಗೂಡು, ಯಾವುದಕ್ಕೂ ಓಡಲು ದಾರಿಯಿರುವುದಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಪ್ರಸ್ತಾಪಿಸುವ ಖರಕರ್ಮಗಳಲ್ಲಿ ಎರಡು ಇಲ್ಲಿ ನೆನಪಾಗಬೇಕು: ಸರಃಶೋಷ, ಎಂದರೆ ನೀರಿನ ನೆಲೆಯನ್ನು ಬತ್ತಿಸುವುದು, ದವಪ್ರದ, ಎಂದರೆ ಹುಲ್ಲು ಮೆಳೆಗಳಿಗೆ ಬೆಂಕಿ ಕೊಡುವುದು. ಎಲೆಯ ಬಟ್ಟಲನ್ನು ಬತ್ತಿಸಿದ್ದಕ್ಕೆ ಏಕಾಶನ ಮಾಡಿದ ಮನೆತನದ ಆರು ಎಕರೆ ಕಬ್ಬಿನಲ್ಲಿಯೂ ಪ್ರತಿವರ್ಷ ಬೆಂಕಿ ಬೀಳುತ್ತಿತ್ತು.

ಹಿರಿಯರು ಏನನ್ನೂ ಹೇಳಲಿಲ್ಲ. ಎಲೆಯ ಮೇಲಿನ ಬೂದಿಯನ್ನು ಕುಂಚದಿಂದ ಒರೆಸಿ, ಮಗನ ಕಡೆಗೆ ತಿರುಗಿ, “ನಮ್ಮ ಹೊಲದಾಗ ಯಾವಾಗ ಕಟಾವು?” ಎಂದು ಮಾತ್ರ ಕೇಳಿದರು. ಮಗನು ಉತ್ತರ ಕೊಡಲು ತಡಮಾಡಿದನು. ಅವನ ಅಡಚಣೆಗಳೂ ಹುರುಳಿಲ್ಲದವಲ್ಲ. ರವದಿಯನ್ನು ಸಾಲಿನ ನಡುವೆ ಹಾಸಿದರೆ ತೇವ ಉಳಿಯುತ್ತದೆ, ಕೊಳೆತು ಮಣ್ಣಿಗೆ ಸಾರ ಸೇರುತ್ತದೆ, ಕಳೆ ತಗ್ಗುತ್ತದೆ. ಅತಿನೀರಿನಿಂದ ಸವಳಾಗುತ್ತಿರುವ ಈ ಬಯಲಿನ ಮಣ್ಣಿಗೆ ಅದರ ಅಗತ್ಯ ಹೆಚ್ಚು. ಆದರೆ ಹಾಸುವುದಕ್ಕೆ ಆಳು ಬೇಕು, ಚೂರು ಮಾಡುವ ಯಂತ್ರಕ್ಕೆ ಬಾಡಿಗೆ ಬೇಕು, ಪಕ್ಕದ ಹೊಲದವರು ಹೊತ್ತಿಸಿದ ಬೆಂಕಿ ಒಣ ರವದಿಗೆ ಹಾರದಂತೆ ಕಾಯಬೇಕು.

ಆ ವರ್ಷ ಎರಡು ಎಕರೆಯಲ್ಲಿ ಹಾಸಿದರು, ನಾಲ್ಕರಲ್ಲಿ ಸುಟ್ಟರು. ಮರುವರ್ಷ ನಾಲ್ಕರಲ್ಲಿ ಹಾಸಿದರು. ಉಳಿದೆರಡು ಎಕರೆ ಪಕ್ಕದ ಹೊಲಕ್ಕೆ ಒತ್ತಿಕೊಂಡಿದೆ; ಆ ಹೊಲದವರೊಡನೆ ಮಾತು ನಡೆದಿದೆ, ಇನ್ನೂ ಮುಗಿದಿಲ್ಲ.